ಅಂಬಾರಿಯ ಜಾಗ

ಅವರ ಬಲಗೈ ಹೆಬ್ಬೆರಳು ಎಡ ಹೆಗಲಿನಿಂದ ಹೊರಟು, ಎದೆಯ ಮೇಲೆ ಓರೆಯಾಗಿ ಇಳಿದು, ಬಲ ಸೊಂಟದ ಹತ್ತಿರ ಬಂದು ನಿಲ್ಲುತ್ತಿತ್ತು. ದಿನಕ್ಕೆ ಹತ್ತು ಸಲವಾದರೂ ಹೀಗೆ. ಹೊಸಬರು ನೋಡಿದರೆ ಜನಿವಾರ ಸರಿಮಾಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು; ಜನಿವಾರ ಅವರ ಕುಲದಲ್ಲಿರಲಿಲ್ಲ. ಅವರು ಸರಿಮಾಡಿಕೊಳ್ಳುತ್ತಿದ್ದದ್ದು ಡವಾಲಿಯನ್ನು. ಅರಮನೆಯ ಸೇವೆಯಲ್ಲಿದ್ದಷ್ಟು ಕಾಲವೂ ಹೆಗಲಿಂದ ಸೊಂಟಕ್ಕೆ ಇಳಿಬಿದ್ದಿದ್ದ, ಹಿತ್ತಾಳೆ ಬಿಲ್ಲೆಯ ಕೆಂಪು ಪಟ್ಟಿ ಅದು. ಸೇವೆ ಮುಗಿದ ದಿನ ಅದನ್ನು ಮಡಿಸಿ ಒಪ್ಪಿಸಿ ಬಂದಿದ್ದರು. ಬೆರಳಿಗೆ ಮಾತ್ರ ಆ ಸಮಾಚಾರವನ್ನು ಯಾರೂ ತಿಳಿಸಿರಲಿಲ್ಲ.

ನಮ್ಮ ವಠಾರದ ಮೊದಲನೆಯ ಮನೆ ಅವರದು. ದೊಡ್ಡವರಿಗೆ ಅವರು ದಫೇದಾರರು, ನಮಗೆ ದಫೇದಾರ್ ತಾತ. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಹೆಚ್ಚು ಮಾತಾಡದ ಹೆಂಗಸು. ಇಬ್ಬರ ಮಾತನ್ನೂ ತಾವೊಬ್ಬರೇ ಆಡಿ ಮುಗಿಸುವ ಹೊಣೆ ಅವರ ಮೇಲೆ ಬಿದ್ದಿತ್ತು; ಅದನ್ನು ಅವರು ಯಾವ ಕುಂದೂ ಬಾರದಂತೆ ನಿರ್ವಹಿಸುತ್ತಿದ್ದರು.

ಅರಮನೆಯಲ್ಲಿ ಅವರ ಕೆಲಸ ಏನೆಂಬುದರ ಬಗ್ಗೆ ವಠಾರದಲ್ಲಿ ಎರಡು ಅಭಿಪ್ರಾಯಗಳಿದ್ದವು. ಬಾಗಿಲು ಕಾಯುತ್ತಿದ್ದರು ಎಂಬುದು ನನ್ನ ಅಜ್ಜಿಯದು. ದಫೇದಾರರದೇ ಬೇರೆ. ಸವಾರಿ ಹೊರಡುವ ದಿನ ಯಾರ ಹಿಂದೆ ಯಾರು ನಿಲ್ಲಬೇಕು, ಎಷ್ಟು ಮಾರು ಬಿಟ್ಟು ನಡೆಯಬೇಕು ಎಂಬ 'ವರಸೆ' ನೋಡಿಕೊಳ್ಳುವವರಲ್ಲಿ ತಾವೂ ಒಬ್ಬರು ಎನ್ನುತ್ತಿದ್ದರು. "ಆನೆಗೆ ಏನ್ ಗೊತ್ತು? ಮನುಸ್ಯರಿಗೂ ಗೊತ್ತಿಲ್ಲ. ವರಸೆ ಕೆಟ್ರೆ ಮೆರವಣಿಗೆ ಅಲ್ಲ ಕಣೋ ಅದು, ಗುಂಪು," ಎಂದು ಅವರು ನನಗೆ ಅನೇಕ ಸಲ ಉಪದೇಶಿಸಿದ್ದಾರೆ. ಗುಂಪು ಎಂಬ ಶಬ್ದವನ್ನು ಅವರು ಉಚ್ಚರಿಸುವಾಗ ಅದು ಯಾವುದೋ ಕಾಯಿಲೆಯ ಹೆಸರಿನಂತೆ ಕೇಳಿಸುತ್ತಿತ್ತು.

ಅವರಿಗೆ ಎರಡು ಕನ್ನಡಗಳಿದ್ದವು. ಮನೆಯ ಕನ್ನಡದಲ್ಲಿ ಹಕಾರವಿರಲಿಲ್ಲ; 'ಹೇಳು' ಎಂಬುದು 'ಏಳು' ಆಗುತ್ತಿತ್ತು, 'ಹೋದ ವರ್ಷ' ಎಂಬುದು 'ಓದ ವರ್ಸ' ಆಗುತ್ತಿತ್ತು. ಅಪ್ಪಣೆ ಕೊಡಬೇಕಾದಾಗ ಹೊರಬರುತ್ತಿದ್ದ ಕನ್ನಡವೇ ಬೇರೆ. ಅದರಲ್ಲಿ ಒಂದು ಹಕಾರವೂ ತಪ್ಪುತ್ತಿರಲಿಲ್ಲ. "ಸವಾರಿ ಹೊರಡಲು ಚಿತ್ತೈಸಬಹುದು," ಎಂದು ಅವರು ಜಗಲಿಯಿಂದ ಒಂದು ಸಲ ಕೂಗಿದರೆ ಬೀದಿಯ ಆ ತುದಿಯ ಜಟಕಾ ಕುದುರೆ ಕಿವಿ ನಿಮಿರಿಸುತ್ತಿತ್ತು.

ಸಂಸ್ಥಾನ ಹೋಗಿ ರಾಜ್ಯವಾದ ಮೇಲೆ ಅರಮನೆಯ ಸಿಬ್ಬಂದಿ ಕಡಿಮೆಯಾಯಿತು. ವಯಸ್ಸಾದವರಿಗೆ ಮೊದಲು ಬಿಡುವು ಸಿಕ್ಕಿತು. ಆ ವರ್ಷದ ವಿಜಯದಶಮಿಯಂದು ಅವರು ಜನ್ಮದಲ್ಲಿ ಮೊದಲ ಸಲ ಹಗ್ಗದ ಈಚೆ, ಕಡಲೆಕಾಯಿ ಮಾರುವವರ ಪಕ್ಕದಲ್ಲಿ ನಿಂತು ಜಂಬೂ ಸವಾರಿ ನೋಡಿದರು. ಮನೆಗೆ ಬಂದು ಜಗಲಿಯ ಮೇಲೆ ಕೂತರು. ನನ್ನ ತಂದೆ ಹೋಗಿ, "ಹೇಗಿತ್ತು ದಫೇದಾರ್ರೇ?" ಎಂದು ಕೇಳಿದರು.

"ಮೂರನೇ ಆನೆ ಅರ್ಧ ಮಾರು ಹಿಂದಕ್ಕೆ ಬಿತ್ತು ಬುದ್ಧಿ," ಎಂದರು. "ಏಳೋರು ಯಾರೂ ಇಲ್ಲ."

ಅದರ ಮಾರನೆಯ ವಾರ ಅವರು ನಮ್ಮನ್ನು ಕರೆದರು. ದಸರಾ ವಸ್ತುಪ್ರದರ್ಶನ ಇನ್ನೂ ನಡೆಯುತ್ತಿತ್ತು. ಅದಕ್ಕೆ ವಠಾರದ ಮಕ್ಕಳನ್ನು ಕರೆದುಕೊಂಡು ಹೋಗುವ ಕಷ್ಟವನ್ನು ಯಾವ ತಂದೆಯೂ ಪಡಲು ಸಿದ್ಧರಿರಲಿಲ್ಲ. ನಾವು ಆರು ಮಂದಿ. ಎಲ್ಲರಿಗಿಂತ ದೊಡ್ಡವಳು ನನ್ನ ಅಕ್ಕ, ಹದಿನಾಲ್ಕು ವರ್ಷ. ಆಮೇಲೆ ಹಿಂದಿನ ಮನೆಯ ಅಣ್ಣತಮ್ಮಂದಿರು, ಹನ್ನೆರಡು ಮತ್ತು ಹನ್ನೊಂದು. ಎಂಟು ವರ್ಷದ ನಾನು. ಬಾವಿಯ ಪಕ್ಕದ ಮನೆಯ ಆರು ವರ್ಷದ ಹುಡುಗಿ, ನಾಯಿ, ಬಲೂನು, ಪೊಲೀಸು ಮೂರಕ್ಕೂ ಸಮನಾಗಿ ಹೆದರುವವಳು. ಕೊನೆಗೆ ನನ್ನ ತಮ್ಮ, ಮೂರು ವರ್ಷ. ಇಷ್ಟು ಅಂತರದ ಕಾಲುಗಳನ್ನು ಒಂದೇ ದಾರಿಯಲ್ಲಿ ನಡೆಸುವುದು ಕಷ್ಟ ಎಂದು ಬೇರೆಯವರು ಅಂದುಕೊಂಡರೆ, ದಫೇದಾರರು ಅದರಲ್ಲೇ ಉಳಿದ ಆಯುಷ್ಯಕ್ಕೆ ಒಂದು ಕೆಲಸ ಕಂಡರು.

ಮೊದಲು ದರ್ಬಾರು ನಡೆಯಿತು. ಅವರು ಜಗಲಿಯ ಮೇಲೆ, ನಾವು ಅಂಗಳದಲ್ಲಿ. ಪ್ರತಿಯೊಬ್ಬರೂ ಎದ್ದು ನಿಂತು ತಮಗೆ ಏನು ನೋಡಬೇಕೆಂದು ಅರಿಕೆ ಮಾಡಿಕೊಳ್ಳಬೇಕು. ಹಿಂದಿನ ಮನೆಯ ಹುಡುಗರಿಗೆ ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವ ಆಟ ಬೇಕಿತ್ತು. ಹೆದರುವ ಹುಡುಗಿಗೆ ಮರದ ಕುದುರೆ. ಆದರೆ ಅದು ಅಲುಗಾಡಬಾರದು. ನನಗೆ ದೊಡ್ಡ ರಾಟೆ ತೊಟ್ಟಿಲು, ಊರಿನವರು ಜೈಂಟ್ ವೀಲು ಎನ್ನುತ್ತಿದ್ದದ್ದು. ತಮ್ಮನಿಗೆ ಎಲ್ಲವೂ, ಮತ್ತು ಕೂಡಲೇ. ಅಕ್ಕನ ಸರದಿ ಬಂದಾಗ ಅವಳು, "ನಂದೇನಿಲ್ಲ ತಾತ. ಇವರಿಗೆಲ್ಲ ಆಗಲಿ," ಎಂದಳು.

"ನೋಡ್ರಲಾ," ಎಂದರು ಅವರು ನಮ್ಮ ಕಡೆ ತಿರುಗಿ. "ದೊಡ್ಡೋರು ಅಂದ್ರೆ ಇಂಗಿರಬೇಕು."

ಆಮೇಲೆ ವರಸೆ ತೀರ್ಮಾನವಾಯಿತು. ಅರಮನೆಯ ಮೆರವಣಿಗೆಯಲ್ಲಿ ಬಾವುಟ ಹೊತ್ತ ನಿಶಾನೆ ಆನೆ ಮುಂದೆ, ನಗಾರಿ ಹೊತ್ತ ನೌಬತ್ತಿನ ಆನೆ ಅದರ ಹಿಂದೆ, ಹೀಗೆ ಹೆಚ್ಚು ಹೆಚ್ಚು ದೊಡ್ಡದಾಗುತ್ತ ಹೋಗಿ, ಎಲ್ಲಕ್ಕಿಂತ ಕೊನೆಗೆ ಅಂಬಾರಿ. ದೊಡ್ಡದು ಯಾವತ್ತೂ ಕೊನೆಗೆ ಬರುತ್ತದೆ. ನಮ್ಮಲ್ಲೂ ಹಾಗೆಯೇ ಆಯಿತು. ನನ್ನ ತಮ್ಮ ನಿಶಾನೆ. ಅವನ ಕೈಗೆ ಒಂದು ಕೋಲು, ಕೋಲಿಗೆ ಕೆಂಪು ಬಟ್ಟೆಯ ಚೂರು. ನಾನು ನಡುವೆ, ನೀರಿನ ಕೂಜದ ಉಸ್ತುವಾರಿ. ಅಕ್ಕ ಕೊನೆಗೆ. "ಅಮ್ಮಣ್ಣಿ, ನಿಂದು ಅಂಬಾರಿ ಜಾಗ," ಎಂದು ಅವರು ತಲೆ ಬಾಗಿಸಿ ಹೇಳಿದರು. ಆ ಮನುಷ್ಯನ ಕೈಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ಕಾನೂನುಗಳು ಎರಡು. ಒಂದು, ನಡಿಗೆ ಚಿಕ್ಕವನದು. ಅವನು ಎಷ್ಟು ಬೇಗ ನಡೆದರೆ ಅಷ್ಟೇ ಬೇಗ ಎಲ್ಲರೂ ನಡೆಯತಕ್ಕದ್ದು. ಎರಡು, ನಿಶಾನೆ ತಿರುಗಿದರೆ ಸವಾರಿ ತಿರುಗತಕ್ಕದ್ದು; ಚಿಕ್ಕವನು ಸೋತು ಮನೆಯ ಕಡೆ ಮುಖ ಮಾಡಿದ ಮೇಲೆ ಯಾರೂ ಎಲ್ಲಿಯೂ ನಿಲ್ಲಬಾರದು. ಬಾವಿಯ ಸುತ್ತ ಮೂರು ದಿನ ಅಭ್ಯಾಸ ನಡೆಯಿತು. ನೀರು ಸೇದಲು ಬಂದ ಹೆಂಗಸರು ಕೊಡ ಹಿಡಿದು ದಾರಿ ಬಿಟ್ಟು ನಿಲ್ಲಬೇಕಾಗಿತ್ತು. ಅಜ್ಜಿ ಒಂದು ಸಲ, "ಇನ್ನು ಆನೆ ಲದ್ದಿ ಒಂದು ಬಾಕಿ," ಎಂದರು.

ಹೋದೆವು. ದೊಡ್ಡ ಗಡಿಯಾರದ ಹತ್ತಿರ ಒಮ್ಮೆ ಹಾಜರಿ, ಪ್ರದರ್ಶನದ ಬಾಗಿಲಲ್ಲಿ ಒಮ್ಮೆ ಹಾಜರಿ, ಪ್ರತಿ ಆಟದ ಮುಂದೆಯೂ ಒಮ್ಮೆ. ಆ ನೂಕುನುಗ್ಗಲಿನಲ್ಲಿ ಎಷ್ಟೋ ಮನೆಗಳ ಮಕ್ಕಳು ತಪ್ಪಿಸಿಕೊಂಡು ಅಳುತ್ತಿದ್ದವು. ನಮ್ಮಲ್ಲಿ ಒಬ್ಬರೂ ತಪ್ಪಲಿಲ್ಲ. ತಪ್ಪುವುದಕ್ಕೆ ಬೇಕಾದ ಸ್ವಾತಂತ್ರ್ಯವೇ ನಮಗಿರಲಿಲ್ಲ.

ರಾಟೆ ತೊಟ್ಟಿಲು ಕೊನೆಯ ಆಟ. ಅಲ್ಲಿಯೂ ವರಸೆ ಪ್ರಕಾರ ಚಿಕ್ಕವರು ಮೊದಲು. ನಾನು ಕೂತು ಇಳಿದೆ, ಹಿಂದಿನ ಮನೆಯ ಹುಡುಗರು ಕೂತು ಇಳಿದರು. ಅಷ್ಟರಲ್ಲಿ ತಮ್ಮ ಮಣ್ಣಿನಲ್ಲಿ ಬಿದ್ದು ಅಳತೊಡಗಿದ. ನಿಶಾನೆ ತಿರುಗಿತು, ಸವಾರಿ ತಿರುಗಿತು. ಜಟಕಾದಲ್ಲಿ ಅಕ್ಕ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಕಿವಿಯಲ್ಲಿ ಕೇಳಿದಳು: "ಮೇಲಿಂದ ಏನು ಕಾಣ್ಸುತ್ತೋ?"

"ದೀಪ," ಎಂದೆ.

"ಬರೀ ದೀಪಾನಾ? ಅರಮನೆ ಕಾಣ್ಸುತ್ತಾ?"

"ಹ್ಞೂಂ. ಚಿಕ್ಕದಾಗಿ."

ಮರುವರ್ಷವೂ ಹೀಗೆಯೇ ಆಯಿತು. ಆ ಸಲ ತಮ್ಮ ಬತ್ತಾಸು ತಿಂದು ವಾಂತಿ ಮಾಡಿಕೊಂಡ. ಅಕ್ಕ ಅವನ ಬಾಯಿ ತೊಳೆಸಿದಳು, ಜಟಕಾದಲ್ಲಿ ನನ್ನನ್ನು ಅದೇ ಪ್ರಶ್ನೆ ಕೇಳಿದಳು. ಈ ಸಲ ನಾನು ಸ್ವಲ್ಪ ಉಪ್ಪುಖಾರ ಹಾಕಿ ಹೇಳಿದೆ. ಚಾಮುಂಡಿ ಬೆಟ್ಟದ ದೀಪ, ಗಡಿಯಾರದ ಮುಳ್ಳು, ಅರಮನೆಯ ಗೋಪುರ ಎಲ್ಲವೂ ಕಾಣುತ್ತದೆ ಎಂದೆ. ಅವಳು ಕಣ್ಣು ಅರಳಿಸಿ ಕೇಳಿದಳು. ಅವಳಿಗೆ ಆ ತೊಟ್ಟಿಲಲ್ಲಿ ಕೂರಬೇಕೆಂದಿದೆ ಎಂಬುದು ವಠಾರದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ವರಸೆ ಬದಲಾಗಿ ನನ್ನ ಸರದಿ ಎಲ್ಲಿ ಹಿಂದೆ ಬೀಳುತ್ತದೋ ಎಂಬ ದೂರಾಲೋಚನೆ ನನ್ನದು. ಈ ವಿಷಯದಲ್ಲಿ ನನ್ನ ಬುದ್ಧಿ ವಯಸ್ಸಿಗೆ ಮೀರಿ ಬೆಳೆದಿತ್ತು.

ಮೂರನೆಯ ವರ್ಷ ಅಕ್ಕನಿಗೆ ಹದಿನಾರು. ಹಾಸನದ ಕಡೆಯ ಸಂಬಂಧ ಕೂಡಿಬಂದು, ಮಾಘದಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ದರ್ಬಾರಿನ ದಿನ ಅಜ್ಜಿ ಬಾಗಿಲಿಗೆ ಅಡ್ಡ ಬಂದು ನಿಂತರು. "ದಫೇದಾರ್ರೇ, ಈ ಸಲ ಇವಳನ್ನ ಬಿಟ್ಟುಬಿಡಿ. ನಿಶ್ಚಯ ಆದ ಹುಡುಗಿ ಆ ಜನಜಂಗುಳೀಲಿ ತಿರುಗೋದು ಚೆನ್ನಾಗಿರಲ್ಲ. ಇನ್ನು ಅವಳ ಆಟ ಎಲ್ಲ ಮುಗೀತು."

ಅಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮೊರದ ಸದ್ದು ನಿಂತಿತು.

ದಫೇದಾರರು ಎದ್ದು ನಿಂತರು. ಹೆಬ್ಬೆರಳು ಹೆಗಲಿಂದ ಸೊಂಟಕ್ಕೆ ಇಳಿಯಿತು. "ಅಮ್ಮಾವ್ರೆ," ಎಂದರು, "ಅಂಬಾರಿ ಇಲ್ದೆ ಸವಾರಿ ಒಂಡ್ತದಾ?"

ವಾದದಲ್ಲಿ ಅಜ್ಜಿಯನ್ನು ಗೆದ್ದವರು ನಮ್ಮ ಕುಟುಂಬದಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಆ ದಿನ ಅಜ್ಜಿ ಬಾಗಿಲು ಬಿಟ್ಟು ಸರಿದು, "ಎಂಟು ಹೊಡೆಯೋದರೊಳಗೆ ಮನೇಲಿರಬೇಕು," ಎಂದು ಒಳಗೆ ಹೋದರು. ಮೊರದ ಸದ್ದು ಮತ್ತೆ ಕೇಳಿಸಿತು.

ಆ ಸಂಜೆ ಎಲ್ಲವೂ ವಿಧಿವತ್ತಾಗಿ ನಡೆಯಿತು. ಮರದ ಕುದುರೆ ಆಯಿತು, ಮೋಟಾರ್ ಸೈಕಲ್ಲಿನ ಬಾವಿ ಆಯಿತು. ದೀಪ ಹತ್ತಿತು. ರಾಟೆಯ ಮುಂದೆ ಹಾಜರಿ ಆಗಿ, ನಾನು ಹತ್ತಿ ಇಳಿದೆ, ಹಿಂದಿನ ಮನೆಯವರೂ ಇಳಿದರು. ಐದು ವರ್ಷದ ತಮ್ಮ ನಿಂತಲ್ಲೇ ತೂಕಡಿಸುತ್ತಿದ್ದ. ಅವನ ಕೈಯ ನಿಶಾನೆ ಓರೆಯಾಗುತ್ತ ಬಂದು ನೆಲ ಮುಟ್ಟಿತು. ದಫೇದಾರರು ಅದನ್ನು ನೋಡಿ, ತಮ್ಮ ಇನ್ನೊಂದು ಕನ್ನಡದಲ್ಲಿ, "ಸವಾರಿ ಹಿಂದಿರುಗಲು ಚಿತ್ತೈಸಬಹುದು," ಎಂದರು.

ಅಕ್ಕ ಎಂದಿನಂತೆ ತಮ್ಮನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ನನ್ನ ಕಡೆ ಬಗ್ಗಿ, "ಮೇಲಿಂದ ಏನು ಕಾಣ್ಸಿತೋ ಈ ಸಲ?" ಎಂದಳು.

ಜಟಕಾದವರೆಗೂ ಕಾದು ಕೇಳುವವಳು ಅವತ್ತು ಅಲ್ಲಿಯೇ ಕೇಳಿದಳು. ನನಗೆ ಏನಾಯಿತೋ ತಿಳಿಯದು. ಇನ್ನು ಮುಂದೆ ಕೇಳುವುದಕ್ಕೆ ಅವಳು ಇರುವುದಿಲ್ಲ ಎಂಬುದು ಆಗ ತಲೆಗೆ ಹೋಗಿರಬೇಕು. ಸಿಟ್ಟು ಬಂತು. "ಮೂರು ವರ್ಷದಿಂದ ನನ್ನೇ ಕೇಳ್ತೀಯಲ್ಲೇ," ಎಂದೆ ಗಟ್ಟಿಯಾಗಿ. "ನೀನೇ ಹತ್ತಿ ನೋಡಬಾರ್ದಾ? ಒಂದು ಸಲಾನೂ ಕೂತಿಲ್ಲ ನೀನು."

ದಫೇದಾರರು ಹಿಂದಿರುಗಿ ನೋಡಿದರು.

"ಅಮ್ಮಣ್ಣಿ, ನೀನು ಕೂತಿಲ್ವಾ?"

"ಇಲ್ಲ ತಾತ."

"ಓದ ವರ್ಸ?"

"ಇಲ್ಲ."

"ಅದರ ಇಂದಿನ ವರ್ಸ?"

"ಪರವಾಗಿಲ್ಲ ಬಿಡಿ ತಾತ. ಹೊತ್ತಾಯ್ತು, ಪಾಪು ಮಲಗಿಬಿಡ್ತಾನೆ."

ಅವರ ಹೆಬ್ಬೆರಳು ಹೆಗಲಿಗೆ ಏರಿತು. ಎದೆಯ ನಡುವಿನವರೆಗೆ ಬಂದು ಅಲ್ಲಿಯೇ ನಿಂತಿತು. ಅದು ಸೊಂಟ ಮುಟ್ಟದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದೊಡ್ಡವರನ್ನು ಕೊನೆಗೆ ನಿಲ್ಲಿಸುವುದು ಮರ್ಯಾದೆ ಎಂದು ನಂಬಿ ಬದುಕಿದ ಮನುಷ್ಯನಿಗೆ, ಕೊನೆಗೆ ನಿಂತವರ ಪಾಲಿಗೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ಅದುವರೆಗೆ ಎದುರಾಗಿರಲಿಲ್ಲ. ಅಂಬಾರಿಗೆ ಯಾವ ಆಟವೂ ಬೇಕಿರುವುದಿಲ್ಲವಷ್ಟೆ.

ಅವರು ತಮ್ಮನ ಕೈಯಿಂದ ನಿಶಾನೆಯನ್ನು ತೆಗೆದುಕೊಂಡು ನೆಲಕ್ಕೆ ಊರಿದರು. "ನಿಲ್ಲಿ," ಎಂದರು.

ರಾಟೆಯವನು ತಕರಾರು ತೆಗೆದ. ವಯಸ್ಸಿಗೆ ಬಂದ ಹುಡುಗಿಯನ್ನು ಒಬ್ಬಳನ್ನೇ ಕೂರಿಸುವುದಿಲ್ಲ, ಜೊತೆಗೆ ದೊಡ್ಡವರು ಯಾರಾದರೂ ಬೇಕು ಎಂದ. ದಫೇದಾರರು ಆ ಯಂತ್ರವನ್ನು ಕೆಳಗಿಂದ ಮೇಲಿನವರೆಗೆ ಒಂದು ಸಲ ನೋಡಿದರು. ಮೂರು ವರ್ಷವೂ ಅವರು ಅದನ್ನು ಹತ್ತಿದವರಲ್ಲ. ರುಮಾಲನ್ನು ಬಿಗಿಮಾಡಿಕೊಂಡರು. ತಮ್ಮನನ್ನು ಎತ್ತಿ ನನ್ನ ಹೆಗಲಿಗೆ ಹಾಕಿದರು. "ನಾ ಬರಗಂಟ ಈ ಜಾಗ ಬುಟ್ಟು ಕದಲಬಾರ್ದು," ಎಂದು ಎಚ್ಚರಿಸಿ, ಅಕ್ಕನನ್ನು ಮುಂದೆ ಬಿಟ್ಟುಕೊಂಡು ತೊಟ್ಟಿಲು ಹತ್ತಿದರು.

ರಾಟೆ ತಿರುಗಿತು. ಎರಡು ಸುತ್ತಾದ ಮೇಲೆ ಕೆಳಗೆ ಯಾರನ್ನೋ ಇಳಿಸಲು ನಿಂತಿತು. ಅವರ ತೊಟ್ಟಿಲು ಆಗ ತುತ್ತತುದಿಯಲ್ಲಿತ್ತು. ಅಕ್ಕ ಎರಡು ಕೈಯಲ್ಲೂ ಅಡ್ಡಪಟ್ಟಿ ಹಿಡಿದು ಮುಂದಕ್ಕೆ ಬಾಗಿದ್ದಳು. ಪಕ್ಕದಲ್ಲಿ ಅವರು ನೆಟ್ಟಗೆ, ಕಲ್ಲಿನಂತೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು.

"ದಫೇದಾರ್ರು ಪುಕ್ಕಲು ಕಣೋ," ಎಂದ ಹಿಂದಿನ ಮನೆಯ ದೊಡ್ಡವನು. ಆ ಮಾತು ವಠಾರದಲ್ಲಿ ಬಹಳ ವರ್ಷ ಓಡಾಡಿತು. ಅವರ ಕಿವಿಗೂ ಬಿದ್ದಿತ್ತು. ಅವರು ಅದನ್ನು ಅಲ್ಲಗಳೆಯಲಿಲ್ಲ.

ಮನೆ ಸೇರಿದಾಗ ಎಂಟೂ ಇಪ್ಪತ್ತು. ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದರು. ಅಕ್ಕ ತಲೆ ತಗ್ಗಿಸಿದಳು.

"ತಪ್ಪು ನಂದೇ ಅಮ್ಮಾವ್ರೆ," ಎಂದರು ದಫೇದಾರರು. "ವರಸೆ ತಪ್ಪಾಗೋಗಿತ್ತು. ಸರಿ ಮಾಡಕ್ಕೆ ಇಪ್ಪತ್ತು ನಿಮಿಸ ಇಡೀತು."

ಮಾಘದಲ್ಲಿ ಅಕ್ಕ ಹೋದಳು. ಅದಾದ ಮೇಲೂ ಎರಡು ದಸರಾಗಳಲ್ಲಿ ಸವಾರಿ ಹೊರಟಿತು. ನಿಶಾನೆ ಮುಂದೆ, ನಡಿಗೆ ಚಿಕ್ಕವನದೇ. ಆದರೆ ದರ್ಬಾರಿನಲ್ಲಿ ಅರಿಕೆ ದೊಡ್ಡವರಿಂದ ಶುರುವಾಗಬೇಕೆಂದು ಕಾನೂನು ತಿದ್ದುಪಡಿಯಾಯಿತು. "ನಂದೇನಿಲ್ಲ" ಎಂದು ಯಾರಾದರೂ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. "ಏನಾರ ಒಂದು ಇದ್ದೇ ಇರ್ತದೆ. ಯೋಚ್ನೆ ಮಾಡಿ ಏಳು. ನಾ ಕಾಯ್ತೀನಿ," ಎಂದು ನಿಜವಾಗಿಯೂ ಕಾಯುತ್ತ ಕೂರುತ್ತಿದ್ದರು. ಆಮೇಲೆ ನಾವೆಲ್ಲ ಬೆಳೆದು, ಕೋಲು ಹಿಡಿದವರ ಹಿಂದೆ ನಡೆಯುವುದು ಅವಮಾನವೆಂದು ಕಂಡುಕೊಂಡೆವು. ಅವರು ಜಗಲಿಯ ಮೇಲೆ ಒಬ್ಬರೇ ಕೂತಿರುತ್ತಿದ್ದರು. ನಾನು ಕಾಲೇಜಿಗೆ, ಅದಾದ ಮೇಲೆ ಕಚೇರಿಗೆ, ಅವರ ಮುಂದೆಯೇ ಹಾದು ಹೋಗುತ್ತಿದ್ದೆ. "ಒಂಟ್ಯಾ?" ಎನ್ನುತ್ತಿದ್ದರು. "ಹ್ಞೂಂ ತಾತ," ಎನ್ನುತ್ತಿದ್ದೆ. ಅಷ್ಟು ವರ್ಷಗಳಲ್ಲಿ ನಮ್ಮ ಮಾತು ಅಷ್ಟೇ.

ಅವರು ತೀರಿಕೊಂಡದ್ದು ಒಂದು ಚಳಿಗಾಲದ ಬೆಳಿಗ್ಗೆ. ತಂತಿ ಕೊಟ್ಟೆ. ಅಕ್ಕ ತನ್ನ ಮೂರು ಮಕ್ಕಳೊಂದಿಗೆ ಇಳಿಹೊತ್ತಿಗೆ ಬಂದಳು. ರಕ್ತಸಂಬಂಧವಿಲ್ಲದ ಮನೆಯ ಸಾವಿಗೆ ಅಷ್ಟು ದೂರದಿಂದ ಬಂದದ್ದನ್ನು ಕಂಡು ಕೆಲವರು ಹುಬ್ಬೇರಿಸಿದರು. ಚಟ್ಟ ಕಟ್ಟುತ್ತಿದ್ದಾಗ ಅವಳು ಬಾವಿಯ ಹತ್ತಿರ ನನ್ನ ಪಕ್ಕದಲ್ಲಿ ನಿಂತಳು.

"ಅವತ್ತು ಅವರು ಹೆದರಿ ಕಣ್ಣು ಮುಚ್ಚಿದ್ದಲ್ಲ ಕಣೋ," ಎಂದಳು.

ನಾನು ಅವಳ ಮುಖ ನೋಡಿದೆ.

"ಮೇಲೆ ನಿಂತಾಗ ನಾನೇ ಅಂದೆ, 'ಕಣ್ಣು ಬಿಡಿ ತಾತ, ಅರಮನೆ ಪೂರ್ತಿ ಕಾಣ್ತಿದೆ' ಅಂತ. 'ಬ್ಯಾಡ ಕಣಮ್ಮಣ್ಣಿ' ಅಂದ್ರು. 'ಅನ್ನ ಕೊಟ್ಟ ಮನೇನ ಮೂವತ್ತು ವರ್ಸ ತಲೆ ಎತ್ತಿ ನೋಡಿವ್ನಿ. ಮೇಲಿಂದ ಬಗ್ಗಿ ನೋಡಬಾರ್ದು. ನೀನು ನೋಡಿ ಏಳು.' ನಾನು ಹೇಳ್ತಾ ಹೋದೆ. ನೀನು ನನಗೆ ಹೇಳ್ತಿದ್ದೆಯಲ್ಲ, ಹಂಗೆ."

ಬಾವಿಯ ಕಟ್ಟೆಯ ಮೇಲೆ ಕೈಯೂರಿದಳು.

"ಆಮೇಲೆ ಕೇಳಿದ್ರು, 'ಎರಡು ವರ್ಸ ಕಾಯಿಸ್ಬುಟ್ನಲ್ಲ ನಿನ್ನ, ಒಂದು ಮಾತು ಏಳಬಾರ್ದಾಗಿತ್ತಾ?' ಅಂತ. ನಾನು ತಮಾಷೆಗೆ, 'ಅಂಬಾರಿ ಎಲ್ಲಾದ್ರೂ ಬಾಯಿ ಬಿಡುತ್ತಾ ತಾತ?' ಅಂದುಬಿಟ್ಟೆ. ಅವರ ಮುಚ್ಚಿದ ಕಣ್ಣಿಂದ ನೀರಿಳೀತಿತ್ತು. ಗಾಳಿಗೆ ಇರಬೇಕು ಅಂದುಕೊಂಡೆ. ನನಗೂ ಹದಿನಾರು ವರ್ಷ ಆಗ."

ಅಂಗಳದಲ್ಲಿ ಹೊರಡುವ ಗಡಿಬಿಡಿ ಶುರುವಾಗಿತ್ತು. ಹಳ್ಳಿಯಿಂದ ಬಂದ ಅವರ ಅಣ್ಣನ ಮಗ, ಹೊರುವವರನ್ನು ಮುಂದೆ ಬಿಟ್ಟು, ಉಳಿದವರನ್ನು ಹಿಂದೆ ನಿಲ್ಲಿಸುತ್ತಿದ್ದ. ಅಕ್ಕ ಸೆರಗನ್ನು ಹೆಗಲಿಗೆ ಎಳೆದುಕೊಂಡು ಅವನ ಹತ್ತಿರ ಹೋದಳು.

"ಎಲ್ಲರೂ ಮುಂದೆ ನಡೀಲಿ ಅಣ್ಣ," ಎಂದಳು. "ಅವರು ಕೊನೇಲಿ ಬರಲಿ."

"ಎಲ್ಲಾರ ಉಂಟೇನಕ್ಕ? ಜನ ಇಂದೆ ಬರಬೇಕು. ಅದೇ ಪದ್ಧತಿ."

"ಅವರ ಪದ್ಧತಿ ಬೇರೆ ಇತ್ತು."

ಅವನು ಹಿರಿಯರ ಮುಖ ನೋಡಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಗೋಡೆಗೆ ಒರಗಿ ಕೂತಿದ್ದ, ಹೆಚ್ಚು ಮಾತಾಡದ ಅವರ ಹೆಂಡತಿ ತಲೆ ಎತ್ತದೆಯೇ ಹೇಳಿದರು: "ಅಮ್ಮಣ್ಣಿ ಏಳ್ದಂಗೆ ಮಾಡ್ರಪ್ಪ."

ನನ್ನ ತಮ್ಮ ಆ ವೇಳೆಗೆ ಕಾಲೇಜು ಹುಡುಗ, ವಠಾರಕ್ಕೆಲ್ಲ ಎತ್ತರದವನು. ಯಾರೂ ಹೇಳದೆಯೇ ಅವನು ಎಲ್ಲರನ್ನೂ ದಾಟಿ ಹೋಗಿ ಮುಂದೆ ನಿಂತ. ಅಕ್ಕನ ಕಿರಿಯ ಮಗ, ನಾಲ್ಕು ವರ್ಷದವನು, ಓಡಿಹೋಗಿ ಅವನ ಕೈ ಹಿಡಿದುಕೊಂಡ. ಮಗು ಬೀದಿಯ ಕೊನೆಯವರೆಗೆ ಇರಲಿ ಬಿಡಿ ಎಂದು ಯಾರೋ ಅಂದರು. ನಡಿಗೆ ತಾನೇ ನಿಧಾನವಾಯಿತು.

ನಾನು ನಡುವೆ ಇದ್ದೆ. ನನ್ನ ಜಾಗ ಅದೇ. ಈಗ ನನಗೂ ಮೊಮ್ಮಕ್ಕಳಿವೆ. ಅವನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವ ಮುಂಚೆ, ಏನೂ ಬೇಡವೆನ್ನುವ ದೊಡ್ಡ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು ಕಾಯುತ್ತೇನೆ. ಅವಳಿಗೆ ಅದು ಕಿರಿಕಿರಿ. ನನಗೆ ಅದು ತೀರದ ಋಣ.

ಅವತ್ತು ಬೀದಿಯ ತಿರುವಿನಲ್ಲಿ ನಾನು ಒಂದು ಸಲ ಹಿಂದಿರುಗಿ ನೋಡಿದೆ. ಎಲ್ಲರಿಗಿಂತ ಕೊನೆಗೆ, ನಾಲ್ಕು ಜನರ ಹೆಗಲ ಮೇಲೆ ಮೆಲ್ಲಗೆ ತೂಗುತ್ತ ಅವರು ಬರುತ್ತಿದ್ದರು. ಅವರ ಹಿಂದೆ ಬೀದಿ ಖಾಲಿಯಿತ್ತು.

ವರಸೆ ಸರಿಯಾಗಿತ್ತು.